ಸೈರನ್ ಭಾವ ಬಾಯಿ ಮುಚ್ಚಿದ ಹರಾಜು

ನಮ್ಮ ಭಾವನಿಗೆ ದೇವರು ಎರಡು ಕಿವಿ ಕೊಟ್ಟದ್ದು ಒಂದರ ಮೇಲೆ ಒಂದು ಪೆನ್ಸಿಲ್, ಇನ್ನೊಂದರ ಮೇಲೆ ಇನ್ನೊಂದು ಪೆನ್ಸಿಲ್ ಇಟ್ಟುಕೊಳ್ಳಲಿ ಎಂದು. ಕೇಳಿಸಿಕೊಳ್ಳುವುದಕ್ಕೆ ಅವರು ಅವನ್ನು ಬಳಸಿದ್ದನ್ನು ನಾನಂತೂ ಬಹಳ ವರ್ಷ ನೋಡಿರಲಿಲ್ಲ. ಅದರ ಬದಲು ಒಂದು ಗಂಟಲು ಕೊಟ್ಟಿದ್ದ ನೋಡಿ, ಅಬ್ಬಾ!

ಭಾವ ಎಂದರೆ ನನ್ನ ಅಕ್ಕನ ಗಂಡ. ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವರ ಕಸುಬು. ಬೆಳಕು ಹರಿಯುವ ಹೊತ್ತಿಗೆ ಲಾರಿಗಳು ಸಾಲಾಗಿ ನಿಂತಿರುತ್ತವೆ, ಒದ್ದೆ ಗೋಣಿಚೀಲದ ವಾಸನೆ ಮೂಗಿಗೆ ಹೊಡೆಯುತ್ತಿರುತ್ತದೆ, ಕಾಲಿಟ್ಟಲ್ಲೆಲ್ಲ ಎಲೆಕೋಸಿನ ಸಿಪ್ಪೆ. ಅದರ ನಡುವೆ ಮಗುಚಿ ಹಾಕಿದ ಟೊಮ್ಯಾಟೊ ಕ್ರೇಟಿನ ಮೇಲೆ ಭಾವ. 'ಒಂದ್ಸಲ ಎರಡ್ಸಲ ಮೂರ್ಸಲ' ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಕೂಗಿ ಮರದ ಸುತ್ತಿಗೆಯಿಂದ ಹಲಗೆಗೆ ಒಂದೇಟು ಹಾಕಿದರೆ ಮಾಲು ಹೋಯಿತೆಂದೇ ಲೆಕ್ಕ. ಮೂರು ಎಂದಮೇಲೆ ಯಾರು ಬಂದು ಕಾಲಿಗೆ ಬಿದ್ದರೂ, ಎರಡರಷ್ಟು ಕೊಡುತ್ತೇನೆಂದರೂ ಭಾವ ತಿರುಗಿ ನೋಡುವವರಲ್ಲ. ಮೂರು ಎನ್ನುವ ತನಕ ಮಾತ್ರ ಯಾರು ಬೇಕಾದರೂ ಏರಿಸಬಹುದು. ಆದರೆ ಭಾವ ಅದಕ್ಕೆ ಪುರಸೊತ್ತು ಕೊಟ್ಟರೆ ತಾನೇ? ಮಾರುಕಟ್ಟೆಯವರು ಅವರಿಗೆ ಇಟ್ಟ ಹೆಸರು ಸೈರನ್.

ಆ ಸೈರನ್ ಮನೆಗೆ ಬಂದಮೇಲೂ ಆರುತ್ತಿರಲಿಲ್ಲ. ಊಟಕ್ಕೆ ಕೂತು 'ಉಪ್ಪು' ಎಂದರೆ ಎದುರುಮನೆಯವರು ಎದ್ದು ಡಬ್ಬಿ ಹುಡುಕಬೇಕು. ಫೋನಿನಲ್ಲಿ ಅವರು ಮಾತಾಡುವಾಗ ಫೋನು ಯಾಕೆ ಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. "ನಾನು ಮದುವೆ ಆಗಿದ್ದು ಮನುಷ್ಯನನ್ನೋ ಮಾರ್ಕೆಟ್ಟನ್ನೋ?" ಎಂದು ಅಕ್ಕ ಕೇಳುತ್ತಿದ್ದಳು. ಕೇಳಿದ್ದು ಭಾವನಿಗೆ ಕೇಳಿಸುತ್ತಿರಲಿಲ್ಲ.

ಇಂಥವರಿಗೆ ಮೊಮ್ಮಗಳಾಗಿ ಬಂದವಳು ಬಟಾಣಿ. ಹೆಸರು ಭಾವನೇ ಇಟ್ಟದ್ದು, ತರಕಾರಿಯವರಿಗೆ ಇನ್ನೇನು ಹೊಳೆಯುತ್ತದೆ? ತಾಯಿ ಆಸ್ಪತ್ರೆಯಲ್ಲಿ ನರ್ಸು, ತಂದೆ ಲಾರಿ ಡ್ರೈವರು. ಹಾಗಾಗಿ ಶಾಲೆ ಬಿಟ್ಟ ಕೂಡಲೇ ಹುಡುಗಿ ಅಜ್ಜಿಯ ಮನೆಗೆ ಬರುತ್ತಾಳೆ. ಐದನೇ ಕ್ಲಾಸು. ಚೂಟಿ ಎಂದರೆ ಚೂಟಿ. ಆದರೆ ಮಾತು ತೊದಲು. ಅದರಲ್ಲೂ ತುಟಿ ಕೂಡಿಸಬೇಕಾದ ಅಕ್ಷರ ಬಂತೋ, ಪಾಪ, ಕೂಡಿದ ತುಟಿ ಬಿಡುವುದೇ ಇಲ್ಲ. ಹಾಜರಿ ಕೂಗಿದಾಗ 'ಪ್ರೆಸೆಂಟ್' ಎನ್ನಲಾಗದೆ ಸುಮ್ಮನೆ ಕೈ ಎತ್ತುತ್ತಿದ್ದಳು. ಒಂದು ದಿನ ಬದಲಿ ಮೇಷ್ಟ್ರು ಅದನ್ನು ನೋಡದೆ ಅವಳಿಗೆ ಗೈರು ಹಾಕಿಬಿಟ್ಟರು. ಎದುರಿಗೇ ಕೂತಿದ್ದ ಮಗುವಿಗೆ ಗೈರು! ಆ ದಿನ ಮನೆಗೆ ಬಂದು ಅವಳು ತುತ್ತು ಮುಟ್ಟಲಿಲ್ಲ.

ಭಾವ ಅವಳನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸುತ್ತಿದ್ದರು, ಆದರೆ ಅವಳ ಮಾತಿಗೆ ಕಾಯುವುದು ಮಾತ್ರ ಅವರ ಕೈಲಾಗುತ್ತಿರಲಿಲ್ಲ. ಅವಳು "ತಾತ, ನಂಗೆ ಬ್... ಬ್..." ಎನ್ನುವಷ್ಟರಲ್ಲಿ ಇವರು ಶುರು: "ಬಾಳೆಹಣ್ಣಾ? ಬಿಸ್ಕತ್ತಾ? ಬಳಪಾನಾ? ಬಾಲಾ?" ಮಗುವಿನ ಮಾತನ್ನೂ ಹರಾಜಿಗೆ ಇಟ್ಟು ಮೂರು ಕೂಗಿಬಿಡುತ್ತಿದ್ದರು. ಅವಳಿಗೆ ಬೇಕಾಗಿದ್ದದ್ದು ಬಣ್ಣದ ಪೆನ್ಸಿಲ್. ಕೊನೆಗೆ ಬಾಳೆಹಣ್ಣು ತಿಂದುಕೊಂಡು ಸುಮ್ಮನಾಗುತ್ತಿದ್ದಳು.

ಇಲ್ಲಿಗೆ ನಮ್ಮ ಪ್ರತಿಷ್ಠಾನದ ವಿಷಯ ಬರುತ್ತದೆ. ಪ್ರತಿಷ್ಠಾನ ಎಂದಕೂಡಲೇ ಕಂಬ, ಕಮಾನು, ಕಾವಲುಗಾರ ಎಂದೆಲ್ಲ ಊಹಿಸಬೇಡಿ. ನನ್ನ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯೇ ಪ್ರತಿಷ್ಠಾನ. ಕಾಗದದ ರಟ್ಟುಪೆಟ್ಟಿಗೆಗಳ ನಡುವೆ ಐದು ಪ್ಲಾಸ್ಟಿಕ್ ಕುರ್ಚಿ, ಒಂದರ ಕಾಲು ಸೀಳಿದೆ, ತಡವಾಗಿ ಬಂದವರಿಗೆ ಅದು. ಊರಿನ ಸರ್ಕಾರಿ ಶಾಲೆಗಳಿಗೆ ಸರ್ಕಾರ ಗೋಡೆ ಕೊಡುತ್ತದೆ, ಸೂರು ಕೊಡುತ್ತದೆ, ಮೇಷ್ಟ್ರನ್ನೂ ಕೊಡುತ್ತದೆ. ಅದರಾಚೆಗೆ ಏನು ಕೇಳಿದರೂ 'ಅದಕ್ಕೆ ಅನುದಾನ ಇಲ್ಲ' ಎನ್ನುವ ಉತ್ತರ. ಆ 'ಇಲ್ಲ'ಗಳನ್ನೆಲ್ಲ ಹೆಕ್ಕಿಕೊಂಡು ಊರವರಿಂದಲೇ ತುಂಬಿಸುವುದು ನಮ್ಮ ಕೆಲಸ. ಕಥೆ ಪುಸ್ತಕ, ಮಕ್ಕಳ ಕನ್ನಡಕ, ಚಿತ್ರ ಬಿಡಿಸುವ ಕಾಗದ, ಹೀಗೆ. ಅಧ್ಯಕ್ಷರು ವಿಮಾ ಕಚೇರಿಯಿಂದ ನಿವೃತ್ತರಾದವರು, ಇರುವೆಗೂ 'ದಯವಿಟ್ಟು ಸ್ವಲ್ಪ ಜರುಗಿ' ಎನ್ನುವ ಜೀವ. ನಾನು ಖಜಾಂಚಿ. ನನ್ನ ಬಾಯಿ ನೋಡಿ ಕೊಟ್ಟ ಹುದ್ದೆ ಎನ್ನುತ್ತಾರೆ, ಇರಲಿ.

ಆ 'ಇಲ್ಲ'ಗಳಲ್ಲಿ ದೊಡ್ಡದು ಮಾತಿನ ಮೇಡಂ. ತೊದಲುವ, ಮಾತು ತಡವಾದ ಮಕ್ಕಳಿಗೆ ಕಲಿಸುವ ಟೀಚರು. ಮೂರು ಶಾಲೆಗಳಿಗೆ ಸ್ಕೂಟರಿನಲ್ಲಿ ಸುತ್ತುತ್ತಾರೆ, ಸಂಬಳ ಪೂರ್ತಿ ಪ್ರತಿಷ್ಠಾನದ್ದು. ಬಟಾಣಿ ಎರಡು ವರ್ಷದಿಂದ ಅವರ ಹತ್ತಿರ ಕಲಿಯುತ್ತಿದ್ದಳು. ಮೇಡಂ ಒಂದು ದಿನ ಭಾವನ ಮನೆಗೇ ಬಂದು ಹೇಳಿದರು:

"ನೋಡಿ, ಅವಳ ಮಾತು ಅವಳದ್ದು. ಎಷ್ಟು ಹೊತ್ತಾದ್ರೂ ಆಗಲಿ, ನೀವು ಮಧ್ಯೆ ಬಾಯಿ ಹಾಕ್ಬೇಡಿ. ಸುಮ್ನೆ ಕಾಯಿರಿ."

"ಕಾಯೋದಾ? ನಾನಾ?" ಎಂದರು ಭಾವ. ಕಿಟಕಿಯ ಗಾಜು ಅದುರಿತು. "ಕಾಯ್ತಾ ಕೂತ್ರೆ ಟೊಮ್ಯಾಟೊ ಕೊಳೆಯುತ್ತೆ ಮೇಡಂ!"

"ಇವಳು ಟೊಮ್ಯಾಟೊ ಅಲ್ವಲ್ಲ," ಎಂದು ಮೇಡಂ ಚೀಲ ಹೆಗಲಿಗೇರಿಸಿ ಹೊರಟರು. ಅಕ್ಕ ಅವರನ್ನು ಗೇಟಿನವರೆಗೆ ಹೋಗಿ ಬೀಳ್ಕೊಟ್ಟು ಬಂದಳು. ಸಾಮಾನ್ಯವಾಗಿ ಅವಳು ಯಾರನ್ನೂ ಬಾಗಿಲಾಚೆ ಬಿಟ್ಟುಬರುವವಳಲ್ಲ.

ಮೇಡಂ ಸಂಬಳ ಹುಟ್ಟುವುದು ವರ್ಷಕ್ಕೊಮ್ಮೆ ನಾವು ಶಾಲೆಯ ದೊಡ್ಡ ಹಾಲ್‌ನಲ್ಲಿ ನಡೆಸುವ ಹರಾಜಿನಿಂದ. ಊರಿನವರು ತಮಗೆ ಕೈಲಾದದ್ದನ್ನು ಕೊಡುತ್ತಾರೆ. ಬಡಗಿ ಒಂದು ಕಪಾಟು, ಬೇಕರಿಯವರು ವರ್ಷವಿಡೀ ವಾರಕ್ಕೊಂದು ಬ್ರೆಡ್ಡು, ಪ್ಲಂಬರ್ ಕರೆದಾಗ ಬರುತ್ತೇನೆಂಬ ಮಾತು. ಕೊನೆಯದಕ್ಕೆ ಬೇಡಿಕೆ ಜಾಸ್ತಿ, ದುಡ್ಡು ಕೊಟ್ಟು ಕರೆದರೂ ಆತ ಬರುವವನಲ್ಲವಲ್ಲ. ಇವನ್ನೆಲ್ಲ ಊರಿನವರೇ ಕೂಗಿ ಕೊಳ್ಳುತ್ತಾರೆ. ಕೂಗಿಸುವವರು ನಮ್ಮ ಸೈರನ್. ಸಂಬಳವಿಲ್ಲ, ಒಂದು ಲೋಟ ಬಿಸಿನೀರು ಮಾತ್ರ.

ಈ ವರ್ಷ ಹರಾಜಿಗೆ ಮೂರು ವಾರ ಮುಂಚೆ ಆ ಗಂಟಲು ಕೈಕೊಟ್ಟಿತು. ಕ್ಯಾರೆಟ್ ರಾಶಿಯ ಮುಂದೆ 'ಎರಡ್ಸಲ' ಎಂದವರು ಅಲ್ಲಿಗೇ ನಿಂತರು, ಆಮೇಲೆ ಬಂದದ್ದು ಗಾಳಿ. ಡಾಕ್ಟರು ಕೊಳವೆ ಇಳಿಸಿ ನೋಡಿ, ಗಂಟಲೊಳಗೆ ರಕ್ತ ಕಟ್ಟಿದೆ, ಒಂದು ತಿಂಗಳು ಪಿಟ್ಟೆನ್ನಬಾರದು, ಪಿಸುಮಾತೂ ಕೂಡದು, ಮಾತಾಡಿದರೆ ಈ ಧ್ವನಿ ಮತ್ತೆ ಸಿಗುವುದಿಲ್ಲ ಎಂದರು. ಭಾವನ ಮುಖ ಬಿಳಿಚಿತು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ಎಂದು ನಾನು ಇವತ್ತಿಗೂ ಕೇಳಿಲ್ಲ.

ಆ ಮನೆಯಲ್ಲಿ ಗಡಿಯಾರ ಟಿಕ್ ಎನ್ನುವುದು ನನಗೆ ಮೊದಲ ಸಲ ಕೇಳಿಸಿತು. ಅಕ್ಕ ಮದುವೆಯಾದಾಗಿನಿಂದ ಹೇಳದೆ ಉಳಿದದ್ದನ್ನೆಲ್ಲ ನಿಧಾನವಾಗಿ, ಒಂದೊಂದೇ, ಹೇಳತೊಡಗಿದಳು. ಭಾವ ತಲೆಯಾಡಿಸುತ್ತಿದ್ದರು. ಪಾಪ, ಬೇರೆ ಏನು ಮಾಡಿಯಾರು? ಬಟಾಣಿಯೊಂದಿಗೆ ಮಾತ್ರ ಅವರಿಗೆ ಸಲೀಸಾಯಿತು. ಗದ್ದಲದ ಮಾರುಕಟ್ಟೆಯಲ್ಲಿ ದೂರದಿಂದಲೇ ದರ ತಿಳಿಸುವ ಕೈಸನ್ನೆಗಳಿವೆ. ಹುಡುಗಿ ರಜೆಯಲ್ಲಿ ತಾತನ ಜೊತೆ ಹೋಗಿ ಅವನ್ನೆಲ್ಲ ಕಲಿತಿದ್ದಳು. ತಾತ ಸನ್ನೆ ಮಾಡುವುದು, ಮೊಮ್ಮಗಳು ಮಾತಾಡುವುದು. ಒಂದು ಸಂಜೆ ಅವಳು ಕ್ಲಾಸಿಗೆ ಹಲ್ಲಿ ಬಂದ ಕಥೆಯನ್ನು, ಹತ್ತು ಕಡೆ ನಿಂತರೂ, ಬಾಲ ಉದುರುವವರೆಗೆ ಪೂರ್ತಿ ಹೇಳಿದಳು. ಭಾವ ಕೇಳುತ್ತ ಕೂತಿದ್ದರು. ಅವರ ತುಟಿ ಎರಡು ಸಲ ತೆರೆದದ್ದನ್ನು ನಾನು ನೋಡಿದೆ. ಅಕ್ಕ ಅಡುಗೆಮನೆಯಿಂದ ಸೌಟು ತೋರಿಸಿದಳು.

ಹರಾಜನ್ನು ಮುಂದೂಡುವಂತಿರಲಿಲ್ಲ. ಮೇಡಂಗೆ ಬೇರೆ ಊರಿನ ಶಾಲೆಯೊಂದರಿಂದ ಕೆಲಸಕ್ಕೆ ಕರೆ ಬಂದಿತ್ತು; ವರ್ಷದ ಸಂಬಳ ಒಟ್ಟಾದರೆ ಇಲ್ಲೇ ಇರುತ್ತೇನೆ, ಇಲ್ಲದಿದ್ದರೆ ಹೋಗಲೇಬೇಕು, ನನಗೂ ಮನೆಬಾಡಿಗೆ ಇದೆ ಎಂದು ನೇರವಾಗಿ ಹೇಳಿದ್ದರು. ಹಾಗಾಗಿ ಆ ಭಾನುವಾರ ಮಧ್ಯಾಹ್ನ ಶಾಲೆಯ ಹಾಲಿನಲ್ಲಿ ಬೆಂಚು ಜೋಡಿಸಿ, ಕೂಗುವ ಕೆಲಸವನ್ನು ಅಧ್ಯಕ್ಷರಿಗೆ ವಹಿಸಿದೆವು.

ಅಯ್ಯೋ ರಾಮಾ! "ಯಾರಿಗಾದರೂ ತೊಂದರೆ ಇಲ್ಲದಿದ್ದರೆ, ಸ್ವಲ್ಪ ಹೆಚ್ಚು ಹೇಳಬಹುದೇನೋ... ಒತ್ತಾಯ ಏನಿಲ್ಲ," ಎಂದರು ಆ ಪುಣ್ಯಾತ್ಮ. ಒತ್ತಾಯ ಇಲ್ಲ ಎಂದಮೇಲೆ ಯಾರು ಹೇಳುತ್ತಾರೆ? ಹೊಸ ಗೋಡೆ ಗಡಿಯಾರ ಅದರೊಳಗಿನ ಸೆಲ್ಲಿನ ಬೆಲೆಗೆ ಹೋಯಿತು. ಬಡಗಿಯ ಕಪಾಟು ಬರೀ ಮರದ ಬೆಲೆಗೂ ಬರಲಿಲ್ಲ. ಬಡಗಿ ಎದ್ದು ಹೊರಗೆ ಹೋದ. ಮೊದಲ ಸಾಲಿನಲ್ಲಿ ಭಾವ ತಮ್ಮ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು, ಕುತ್ತಿಗೆಯ ನರ ಹಗ್ಗದಷ್ಟು ದಪ್ಪ.

ಬಟಾಣಿ ನನ್ನ ಮೇಜಿನ ಹತ್ತಿರ ಬಂದಳು. "ಚಿಕ್ಕಜ್ಜಿ, ಹೀಗೇ ಆದ್ರೆ ಮ್... ಮ್... ಮೇಡಂ ಇರಲ್ವಾ?"

ಆ ಮುಖ ನೋಡಿಕೊಂಡು ಸುಳ್ಳು ಹೇಳಲು ನನಗಾಗಲಿಲ್ಲ. "ಇರಲ್ಲ ಕಣೇ," ಎಂದೆ.

ಅಷ್ಟರಲ್ಲಿ ಭಾವ ತಾಳ್ಮೆ ಕಳೆದುಕೊಂಡು ಧಡಧಡ ವೇದಿಕೆ ಹತ್ತಿದರು. ಅಧ್ಯಕ್ಷರ ಕೈಯಿಂದ ಸುತ್ತಿಗೆ ಕಿತ್ತುಕೊಂಡರು. ಅಧ್ಯಕ್ಷರು 'ಥ್ಯಾಂಕ್ಸ್' ಎಂದರು. ಮುಂದಿನದು ಕ್ಷೌರದಂಗಡಿಯವರು ಕೊಟ್ಟದ್ದು, ವರ್ಷ ಪೂರ್ತಿ ಬಿಟ್ಟಿ ಕಟಿಂಗ್. ಭಾವ ಬೆರಳು ಮಡಚಿ, ಬಿಡಿಸಿ, ಮೊಣಕೈ ಮುಟ್ಟಿ ದರ ತೋರಿಸಿದರು. ಕೂತವರೆಲ್ಲ ಪಿಳಿಪಿಳಿ ನೋಡಿದರು. ನೊಣ ಓಡಿಸುತ್ತಿದ್ದಾರೆಂದು ನನ್ನ ಹಿಂದೆ ಯಾರೋ ಅಂದರು.

"ಎಂಟುನೂರರಿಂದ ಶುರು ಅಂತೆ," ಎಂದಳು ಬಟಾಣಿ, ನನ್ನ ಪಕ್ಕದಿಂದಲೇ.

ಭಾವ ಅವಳ ಕಡೆ ತಿರುಗಿ ಕೈ ಚಾಚಿದರು. ಅಕ್ಕ ಓಡಿಬಂದು ಹುಡುಗಿಯ ರಟ್ಟೆ ಹಿಡಿದಳು. "ಏನ್ರೀ ನಿಮಗೆ ಬುದ್ಧಿ ಇಲ್ವಾ? ಇಷ್ಟು ಜನರ ಮುಂದೆ ಈ ಮಗೂನ ನಿಲ್ಲಿಸ್ತೀರಾ? ನಾಳೆ ಅವಳು ಶಾಲೆಗೆ ಹೋಗ್ಬೇಕೋ ಬೇಡ್ವೋ?"

ಬಟಾಣಿ ಸಭೆಯನ್ನು ಒಮ್ಮೆ ನೋಡಿದಳು. ಅವಳ ಕ್ಲಾಸಿನವರೇ ಎರಡು ಬೆಂಚು ತುಂಬ ಇದ್ದರು. ಹಿಂದೆ, ಬಾಗಿಲ ಹತ್ತಿರ, ಮಾತಿನ ಮೇಡಂ ನಿಂತಿದ್ದರು. ಹುಡುಗಿ ಅಜ್ಜಿಯ ಬೆರಳುಗಳನ್ನು ಮೆಲ್ಲಗೆ ಬಿಡಿಸಿಕೊಂಡು ಮೆಟ್ಟಿಲು ಹತ್ತಿದಳು.

ತಾತ ಸನ್ನೆ, ಮೊಮ್ಮಗಳು ಮಾತು. ಒಂಬೈನೂರು, ಸಾವಿರ, ಅಲ್ಲಿಗೆ ನಿಂತಿತು. ಭಾವ ಒಂದು ಬೆರಳು ತೋರಿಸಿದರು. "ಒಂದು ಸಲ," ಎಂದಳು. ಎರಡು ಬೆರಳು. "ಎರಡು ಸಲ." ಮೂರು ಬೆರಳು.

"ಮ್..."

ತುಟಿ ಕೂಡಿತು. ಬಿಡಲಿಲ್ಲ. ಅವಳ ಕಿವಿ ಕೆಂಪಗಾಯಿತು, ಕತ್ತು ಬಿಗಿಯಿತು. ಅಧ್ಯಕ್ಷರು ಸಹಾಯಕ್ಕೆಂದು ಅರ್ಧ ಎದ್ದರು. ಹಿಂದಿನಿಂದ ಮೇಡಂ ಕೈ ಅಡ್ಡ ತೋರಿಸಿ ಕೂರಿಸಿದರು. ಭಾವನ ಬಾಯಿ ತೆರೆದೇ ಇತ್ತು. ಆ ಒಂದು ಮಾತು ಅವರ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ತಡೆಯಲಾರದೆ ನಾನೇ ಹೇಳಿಬಿಡೋಣವೆಂದುಕೊಂಡೆ.

ಆಗ ಮೂರನೇ ಸಾಲಿನಿಂದ ಹಲ್ಲಿನ ಡಾಕ್ಟರಮ್ಮ ಕೇಳಿದರು: "ಇನ್ನೂ ಮುಗಿದಿಲ್ಲ ಅಲ್ವಾ? ಹಾಗಿದ್ರೆ ನಂದು ಇನ್ನೊಂದು ಐವತ್ತು."

ಬಟಾಣಿಯ ಬಾಯಿ ಬಿಟ್ಟಿತು, ಆಶ್ಚರ್ಯಕ್ಕೆ. ನಿಯಮ ನಿಯಮವೇ. ಮೂರು ಎಂದಿಲ್ಲವಾದರೆ ಮಾಲು ಹೋಗಿಲ್ಲ. ಮತ್ತೆ ಒಂದರಿಂದ ಶುರು. ಒಂದು ಸಲ, ಎರಡು ಸಲ, ಮ್... ಮತ್ತೆ ನಿಂತಳು. ಆ ಬಿಡುವಿನಲ್ಲಿ ಹಾರ್ಡ್‌ವೇರ್ ಅಂಗಡಿಯವರು ಕೈ ಎತ್ತಿದರು. ಡಾಕ್ಟರಮ್ಮ ಬಿಡಲಿಲ್ಲ, ಅವರೂ ಬಿಡಲಿಲ್ಲ. ಕೊನೆಗೆ ವರ್ಷ ಪೂರ್ತಿ ಕಟಿಂಗ್ ಸಿಕ್ಕಿದ್ದು ಹಾರ್ಡ್‌ವೇರ್ ಅಂಗಡಿಯವರಿಗೆ. ಅವರ ತಲೆಯಲ್ಲಿ ಕೂದಲು ಉದುರಿ ಹತ್ತು ವರ್ಷವಾಗಿದೆ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಆದರೆ ನಕ್ಕದ್ದು ಆ ಬೋಳುತಲೆ ನೋಡಿ. ಬಟಾಣಿಯೂ ನಕ್ಕಳು. ಭಾವನ ಕಣ್ಣಲ್ಲಿ ವ್ಯಾಪಾರಿಯ ಹೊಳಪು ಬಂದದ್ದನ್ನು ಕಂಡೆ. ಎರಡಕ್ಕೂ ಮೂರಕ್ಕೂ ನಡುವೆ ಇಷ್ಟು ಜಾಗವಿದೆ, ಆ ಜಾಗದಲ್ಲಿ ಇಷ್ಟು ದುಡ್ಡಿದೆ ಎಂದು ಆಯುಷ್ಯವೆಲ್ಲ ಹರಾಜು ಕೂಗಿದ ಮನುಷ್ಯನಿಗೆ ಹೊಳೆದೇ ಇರಲಿಲ್ಲ ನೋಡಿ!

ಅಲ್ಲಿಂದ ಮುಂದೆ ಏರಿದ್ದೇ ಏರಿದ್ದು. ಹುಡುಗಿ ಮೂರರ ಮುಂದೆ ನಿಂತರೆ ಜನ ಕೂರಲಾರದೆ ಕೈ ಎತ್ತುತ್ತಿದ್ದರು. ಕೆಲವು ಸಲ ಬೇಗ ಬರುತ್ತಿತ್ತು, ಕೆಲವು ಸಲ ತಡವಾಗುತ್ತಿತ್ತು. ಯಾವಾಗ ಬೀಳುತ್ತದೋ ತಿಳಿಯದೆ ಒದ್ದಾಡುತ್ತಿದ್ದರು. ಬ್ರೆಡ್ಡು ಹೋಯಿತು, ಪ್ಲಂಬರ್ ಹೋದ. ಬಡಗಿ ಒಳಗೆ ಬಂದು, ತನ್ನ ಕಪಾಟನ್ನು ಮತ್ತೆ ಹರಾಜಿಗೆ ಹಾಕಿ ಎಂದ. ಭಾವ ತಲೆ ಅಡ್ಡ ಆಡಿಸಿದರು. ಮೂರು ಎಂದಾಗಿತ್ತಲ್ಲ. ಅಧ್ಯಕ್ಷರು ಪಿಸುಗುಟ್ಟಿದ್ದರೂ ಅದು ಮೂರೇ.

ಕೊನೆಯದು ಪ್ರತಿವರ್ಷದಂತೆ ಭಾವನ ಸ್ವಂತ ಕೊಡುಗೆ: ವರ್ಷವಿಡೀ ವಾರಕ್ಕೊಂದು ಬುಟ್ಟಿ ತರಕಾರಿ, ಸೈರನ್ ಕೈಯಾರೆ ಆರಿಸಿದ್ದು, ಮನೆ ಬಾಗಿಲಿಗೆ. ಅದಕ್ಕೇ ಎಲ್ಲರ ಕಣ್ಣು. ಡಾಕ್ಟರಮ್ಮ, ಹಾರ್ಡ್‌ವೇರ್, ಡಾಕ್ಟರಮ್ಮ, ಹಾರ್ಡ್‌ವೇರ್, ಬೆಲೆ ಮೇಲೆ ಮೇಲೆ ಹೋಯಿತು. ನಾನು ಕೂಡಿಸುತ್ತಲೇ ಇದ್ದೆ. ಇನ್ನೊಂದಿಷ್ಟು ಹೊತ್ತು ಹೀಗೇ ಏರುತ್ತ ಹೋದರೆ ಮೇಡಂ ಸಂಬಳ ಇಡೀ ವರ್ಷಕ್ಕೆ ಸಾಕು. ಡಾಕ್ಟರಮ್ಮನ ಮಾತಿಗೆ ನಿಂತಿತ್ತು. ಹಾರ್ಡ್‌ವೇರಿನವರು ಹಣೆ ಒರೆಸಿಕೊಳ್ಳುತ್ತ ಯೋಚಿಸುತ್ತಿದ್ದರು. ನಾನು ಬಟಾಣಿಗೆ ಕಣ್ಣಲ್ಲೇ ಹೇಳಿದೆ: ತಡಿ, ನಿಧಾನ! ಅವಳು ತಲೆಯಾಡಿಸಿದಳು.

"ಒಂದು ಸಲ. ಎರಡು ಸಲ."

ಇಡೀ ಸಭೆ ಬೆಂಚಿನ ತುದಿಗೆ ಬಂದು ಕಾಯಿತು. ಹಾರ್ಡ್‌ವೇರಿನವರ ಕೈ ಮೆಲ್ಲಗೆ ಏಳತೊಡಗಿತು.

"ಮೂರು ಸಲ!"

ಕಲ್ಲಿನ ಮೇಲೆ ನಾಣ್ಯ ಬಿದ್ದಂತೆ, ಸ್ವಚ್ಛವಾಗಿ, ಒಂದಿಷ್ಟೂ ತಡೆಯದೆ. ಭಾವನ ಸುತ್ತಿಗೆ ಅಭ್ಯಾಸಬಲದಿಂದ ಬಿದ್ದುಬಿಟ್ಟಿತು. ಹಾರ್ಡ್‌ವೇರಿನವರ ಕೈ ಕಿವಿಯ ಮಟ್ಟಕ್ಕೆ ಬಂದಿತ್ತು, ಅದರಿಂದ ಸುಮ್ಮನೆ ತಲೆ ಕೆರೆದುಕೊಂಡರು.

ನನಗೆ ಕೋಪ ನೆತ್ತಿಗೇರಿತು. ಎರಡು ತಿಂಗಳ ಸಂಬಳ ಕಡಿಮೆ! ವೇದಿಕೆಯ ಹತ್ತಿರ ಹೋಗಿ ಎಲ್ಲರೆದುರೇ ಗದರಿದೆ: "ಅಲ್ಲಾ ಕಣೇ, ಒಂದು ಚೂರು ತಡೀಬಾರ್ದಿತ್ತಾ? ಅಷ್ಟು ಸನ್ನೆ ಮಾಡಿದ್ನಲ್ಲ!"

ಬಟಾಣಿಯ ಕಣ್ಣು ತುಂಬಿಕೊಂಡಿತ್ತು. "ತಡೀಬೇಕು ಅಂತಾನೇ ಇದ್ದೆ ಚಿಕ್ಕಜ್ಜಿ. ಎಷ್ಟು ಕಷ್ಟಪಟ್ಟೆ ಗೊತ್ತಾ? ಆದ್ರೂ ನಿಲ್ಲಲೇ ಇಲ್ಲ. ಅದಾಗಿ ಅದೇ ಬ್... ಬ್... ಬಂದ್ಬಿಡ್ತು."

ಹುಟ್ಟಿದಾಗಿನಿಂದ ಮೊದಲ ಸಲ ಆ ಮಗು ತೊದಲಬೇಕೆಂದು ಬಯಸಿತ್ತು, ಆಗ ನೋಡಿ ತೊದಲು ಬಂದಿರಲಿಲ್ಲ. ಮಾತಿನ ಮೇಡಂ ಬೆಂಚುಗಳನ್ನು ದಾಟಿಕೊಂಡು ಬಂದವರು ವೇದಿಕೆಯ ಮೆಟ್ಟಿಲ ಮೇಲೆ ಕುಸಿದು ಕೂತು ನಗತೊಡಗಿದರು, ನಗುತ್ತಲೇ ಕಣ್ಣು ಒರೆಸಿಕೊಂಡರು. "ಒಮ್ಮೊಮ್ಮೆ ಹಾಗಾಗುತ್ತೆ ಪುಟ್ಟಾ. ಹೆದರಿಕೆ ಬಿಟ್ಟು ನೀನಾಗೇ ತೊದಲನ್ನ ಬಾ ಅಂತ ಕರೆದ್ರೆ ಅದು ಬರಲ್ಲ." ಭಾವ ಅಳುತ್ತಿದ್ದರು. ಸದ್ದು ಮಾಡುವಂತಿಲ್ಲವಲ್ಲ, ಭುಜ ಮಾತ್ರ ಕುಲುಕುತ್ತಿತ್ತು. ಅಕ್ಕ ಹತ್ತಿರ ಹೋಗಿ, "ಸದ್ದು ಮಾಡ್ಬೇಡಿ, ಡಾಕ್ಟರು ಬೇಡ ಅಂದಿದ್ದಾರೆ," ಎಂದು ತಾನೂ ಅತ್ತಳು. ನನಗೂ ಅಳು ಬಂತು. ಬಂದರೇನು, ಖಜಾಂಚಿಗೆ ಕಣ್ಣೀರಿರಬಾರದೆ?

ಹಾರ್ಡ್‌ವೇರಿನವರು ಮೆಲ್ಲಗೆ ಬಂದು, ಈಗ ಏರಿಸಬಹುದೇ ಎಂದು ಕೇಳಿದರು. ಭಾವ ಕಣ್ಣು ಒರೆಸಿಕೊಳ್ಳುತ್ತಲೇ ತಲೆ ಅಡ್ಡ ಆಡಿಸಿದರು. ಆ ಮನುಷ್ಯನನ್ನು ಕಟ್ಟಿಕೊಂಡು ಏಗುವುದು ಅಕ್ಕನಿಗೇ ಸರಿ.

ಮೇಡಂ, ಕಡಿಮೆ ಬಿದ್ದದ್ದನ್ನು ವಾರದೊಳಗೆ ತುಂಬಿಸಿದರೆ ಇರುತ್ತೇನೆ ಎಂದರು. ಮರುದಿನ ಶಾಲೆ ಬಿಟ್ಟಮೇಲೆ ಮನೆಮನೆ ಸುತ್ತಲು ಹೊರಟೆವು, ನಾನು, ಮಾತಿಲ್ಲದ ಭಾವ, ಕೇಳುವುದಕ್ಕೆ ಬಟಾಣಿ. ತಾನೇ ಕೇಳುತ್ತೇನೆಂದು ಅವಳೇ ಹಟ ಹಿಡಿದದ್ದು. ಮೊದಲ ಬಾಗಿಲು ಡಾಕ್ಟರಮ್ಮನದು.

"ಆಂಟಿ, ನಮ್ಮ ಶಾಲೇಲಿ ಮಾತಿನ ಮ್... ಮ್..."

ನಿಂತಿತು. ಡಾಕ್ಟರಮ್ಮ ಬಾಗಿಲಿಗೆ ಒರಗಿಕೊಂಡು ಕಾದರು. ಒಳಗೆ ಒಲೆಯ ಮೇಲೆ ಹಾಲು ಉಕ್ಕಿ ಚುರ್ ಎಂದದ್ದು ನಮಗೆಲ್ಲ ಕೇಳಿಸಿತು. ಅವರು ಹಿಂದಿರುಗಿ ನೋಡಲಿಲ್ಲ. ನನ್ನ ಪಕ್ಕದಲ್ಲಿದ್ದ ಭಾವ ನನ್ನ ತೋಳು ತಿವಿದು, ಬೆರಳನ್ನು ಮೇಲಕ್ಕೆತ್ತಿ ಸನ್ನೆ ಮಾಡಿದರು: ಬೆಲೆ ಏರುತ್ತಿದೆ.